ಬೇರಿನೊಳಗಿನ ಕಡ್ಡಿ

ದಂತವೈದ್ಯಕೀಯ ಓದಿ ಈಗಷ್ಟೇ ಕೆಲಸಕ್ಕೆ ಸೇರಿದವರು ನನ್ನನ್ನು ಕಂಡಾಗ ಹೆಚ್ಚಾಗಿ ಕೇಳುವುದು ಯಾವ ಕಂಪನಿಯ ಪೋಸ್ಟ್ ಒಳ್ಳೆಯದು ಎಂದು. ನನ್ನ ಉತ್ತರ ಅವರಿಗೆ ಅಷ್ಟಾಗಿ ರುಚಿಸುವುದಿಲ್ಲ. ಈ ಹಲ್ಲಿಗೆ ಪೋಸ್ಟ್ ಬೇಕೇ ಎಂದು ಮೊದಲು ಕೇಳಿಕೊಳ್ಳಿ. ಬೇಕೆನಿಸಿದರೆ, ಅದು ಕೈಕೊಟ್ಟ ದಿನ ಹಲ್ಲಿನ ಗತಿ ಏನಾದೀತು ಎಂದು ಯೋಚಿಸಿ. ಕಂಪನಿಯ ಹೆಸರನ್ನು ಆಮೇಲೆ ನೋಡಿದರೆ ಸಾಕು ಎನ್ನುತ್ತೇನೆ. ಈ ಮಾತನ್ನು ಪುಸ್ತಕದಿಂದ ಹೇಳುತ್ತಿಲ್ಲ. ವಿಶಾಖಪಟ್ಟಣದಲ್ಲೂ ವಿಜಯವಾಡದಲ್ಲೂ ಜನರ ಬಾಯೊಳಗೆ ನೋಡಿ ಕಲಿತದ್ದನ್ನು ಹೇಳುತ್ತಿದ್ದೇನೆ.

ಈ ವೃತ್ತಿಯವರಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಹುಳುಕು ನರದವರೆಗೆ ಇಳಿದಾಗ ಬೇರಿನ ಒಳಗಿನ ನಾಳವನ್ನು ಸ್ವಚ್ಛಮಾಡಿ ತುಂಬುತ್ತೇವೆ. ಇದೇ ರೂಟ್ ಕೆನಾಲ್. ಬೇರು ಉಳಿಯುತ್ತದೆ, ಆದರೆ ಮೇಲಿನ ಹಲ್ಲು ಎಷ್ಟೋ ಸಲ ಕರಗಿಹೋಗಿರುತ್ತದೆ, ಕ್ಯಾಪ್ ಕೂರಿಸಲು ಹಿಡಿತವೇ ಇರುವುದಿಲ್ಲ. ಅಂಥ ಕಡೆ ನಾಳದೊಳಗೆ ಒಂದು ಸಣ್ಣ ಕಡ್ಡಿ ಇಳಿಸಿ, ಹೊರಗೆ ಉಳಿದ ಅದರ ತಲೆಯ ಸುತ್ತ ಸಿಮೆಂಟಿನಿಂದ ಹಲ್ಲಿನ ದಿಂಡು ಕಟ್ಟಿ, ಮೇಲೆ ಕ್ಯಾಪ್ ಹಾಕುತ್ತೇವೆ. ಆ ಕಡ್ಡಿಯೇ ಪೋಸ್ಟ್. ಅದರಿಂದ ಹಲ್ಲಿಗೆ ಬಲ ಬರುತ್ತದೆ ಎಂದು ರೋಗಿಗಳು ಮಾತ್ರವಲ್ಲ, ವೈದ್ಯರೂ ಬಹಳ ಕಾಲ ನಂಬಿದ್ದರು. ನಿಜವಾಗಿ ಅದು ದಿಂಡನ್ನು ಹಿಡಿದಿಡುತ್ತದೆ, ಅಷ್ಟೇ. ಅದಕ್ಕೆ ಜಾಗ ಮಾಡಲು ಬೇರನ್ನು ಕೊರೆದಷ್ಟೂ ಬೇರು ಸೊರಗುತ್ತದೆ.

ನಾನು ಗದಗಿನವಳು. ಯಜಮಾನರು ಬ್ಯಾಂಕ್ ಅಧಿಕಾರಿ. ಅವರಿಗೆ ವರ್ಗವಾದಾಗ ವಿಶಾಖಪಟ್ಟಣಕ್ಕೆ ಬಂದೆ. ಅಲ್ಲಿ ಡಾಕ್ಟರ್ ಪ್ರಸಾದರಾವ್ ಅವರ ದಂತ ಚಿಕಿತ್ಸಾಲಯದಲ್ಲಿ ಕೆಲಸ ಸಿಕ್ಕಿತು. ಊರಲ್ಲಿ ಅವರಿಗೆ ದೊಡ್ಡ ಹೆಸರಿತ್ತು. ಕೈ ಚುರುಕು, ಸೂಜಿ ಚುಚ್ಚಿದ್ದು ತಿಳಿಯದಷ್ಟು ಹಗುರ. ರೋಗಿಗಳನ್ನು ನಗಿಸುತ್ತ ನಗಿಸುತ್ತಲೇ ಹಲ್ಲು ಕಿತ್ತುಬಿಡುತ್ತಿದ್ದರು. ನೌಕಾಪಡೆಯಲ್ಲಿದ್ದ ಕರ್ನಾಟಕದವರಿಗೆ ತಮ್ಮದೇ ಆಸ್ಪತ್ರೆಯಿದ್ದರೂ ಕನ್ನಡ ಮಾತನಾಡುವ ಆಸೆಗೆ ಕೆಲವು ಕುಟುಂಬಗಳು ನನ್ನನ್ನು ಹುಡುಕಿಕೊಂಡು ಬರುತ್ತಿದ್ದವು. ಬ್ಯಾಂಕಿನವರಂತೂ ಸರಿಯೇ ಸರಿ. ಬಾಯಿ ತೆರೆದುಕೊಂಡು ಮಾತನಾಡಲು ಸಾಧ್ಯವಿಲ್ಲವಲ್ಲ, ಹಾಗಾಗಿ ಚಿಕಿತ್ಸೆಗಿಂತ ಆಮೇಲಿನ ಹರಟೆಗೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಇದನ್ನು ಕಂಡು ಪ್ರಸಾದರಾವ್ ಗಾರು, "ಏಮ್ಮಾ, ಇದು ಕ್ಲಿನಿಕ್ಕಾ, ನಿಮ್ಮ ಕನ್ನಡ ಸಂಘವಾ?" ಎಂದು ಕೆಣಕುತ್ತಿದ್ದರು. ನಮ್ಮಿಬ್ಬರ ಮಾತು ತೆಲುಗು, ಇಂಗ್ಲಿಷ್ ಬೆರೆತದ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರ ಪ್ರೀತಿಯ ಪೋಸ್ಟ್ ಎಂದರೆ ಸ್ಕ್ರೂ. ಮೈತುಂಬ ಮರೆಗಳು, ಅಂದರೆ ಸುರುಳಿ ಸುತ್ತಿದ ಚೂಪು ಏಣುಗಳು, ಇರುವ ಲೋಹದ ಪುಟ್ಟ ತಿರುಪು. ಮರಕ್ಕೆ ತಿರುಪು ಹಾಕುವ ಹಾಗೆಯೇ ಅದನ್ನು ನಾಳದೊಳಗೆ ತಿರುಗಿಸಿ ಬಿಗಿಯಬೇಕು. ಮರೆಗಳು ಬೇರಿನ ಗೋಡೆಯನ್ನು ಕಚ್ಚಿ ಹಿಡಿಯುತ್ತವೆ. ಎಳೆದರೂ ಬರುವುದಿಲ್ಲ, ಒಂದೇ ಭೇಟಿಯಲ್ಲಿ ಕೆಲಸ ಮುಗಿಯುತ್ತದೆ. ಆ ಕಾಲಕ್ಕೆ ಎಷ್ಟೋ ಕಡೆ ಇದೇ ಪದ್ಧತಿ ನಡೆದಿತ್ತು. ನನಗೂ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ, ಶ್ರೀಕಂಠಯ್ಯನವರು ಬರುವವರೆಗೆ.

ಶ್ರೀಕಂಠಯ್ಯನವರು ಮೈಸೂರಿನವರು, ಯಜಮಾನರ ಸಹೋದ್ಯೋಗಿ. ದುವ್ವಾಡದ ಶಾಖೆಯಲ್ಲಿದ್ದರು. ಅವರ ಮೇಲಿನ ಸಾಲಿನ ಮುಂದವಡೆ ಹಲ್ಲಿಗೆ ನಮ್ಮಲ್ಲೇ ಸ್ಕ್ರೂ ಬಿಗಿದು ಕ್ಯಾಪ್ ಹಾಕಿದ್ದೆವು. ಕೆಲವು ತಿಂಗಳು ಚೆನ್ನಾಗಿಯೇ ಇದ್ದರು. ಆಮೇಲೆ ಅಗಿಯುವಾಗ ನೋವು ಶುರುವಾಯಿತು. ಒಸಡಿನ ಮೇಲೆ ಸಣ್ಣದೊಂದು ಗುಳ್ಳೆ, ಒತ್ತಿದರೆ ಕೀವು. ಎಕ್ಸ್-ರೇಯಲ್ಲಿ ತುಂಬಿದ ನಾಳ ಅಚ್ಚುಕಟ್ಟಾಗಿತ್ತು. ಮಾತ್ರೆ ಕೊಟ್ಟರೆ ಇಳಿಯುತ್ತಿತ್ತು, ನಿಲ್ಲಿಸಿದರೆ ಮತ್ತೆ ಏಳುತ್ತಿತ್ತು. ಒಂದು ದಿನ ಸಣ್ಣ ಅಳತೆಕಡ್ಡಿಯನ್ನು ಹಲ್ಲಿನ ಸುತ್ತ ಒಸಡಿನೊಳಗೆ ಆಡಿಸಿ ನೋಡಿದೆ. ಎಲ್ಲ ಕಡೆ ಮೇಲೆಯೇ ನಿಂತ ಕಡ್ಡಿ ಒಂದು ಕಡೆ ಮಾತ್ರ ಸರ್ರನೆ ಆಳಕ್ಕೆ ಇಳಿಯಿತು. ಅಲ್ಲಿ ಒಸಡು ಬಿಡಿಸಿ ನೋಡಿದರೆ ಬೇರಿನ ಉದ್ದಕ್ಕೂ ಕೂದಲೆಳೆಯಂಥ ಕಪ್ಪು ಗೆರೆ. ಬೇರು ಸೀಳಿತ್ತು. ಸೀಳಿದ ಬೇರನ್ನು ಕೂಡಿಸುವ ಔಷಧ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಕೀಳಲೇಬೇಕು.

ಕಿತ್ತ ಹಲ್ಲನ್ನು ಅವರಿಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿಕೊಂಡು ಬಹಳ ಹೊತ್ತು ನೋಡಿದರು.

"ಅಲ್ಲಾ ಡಾಕ್ಟ್ರೇ, ಕ್ಯಾಪು ಹೊಸದು, ಒಳಗಿನ ಸ್ಕ್ರೂ ಹೊಸದು. ನನ್ನದು ಅಂತ ಇದ್ದದ್ದು ಹಲ್ಲೊಂದೇ. ಅದೇ ಕೈಕೊಡ್ತಲ್ಲ!" ಎಂದರು.

ಅವರು ತಮಾಷೆಗೆ ಹೇಳಿದ್ದು. ಆದರೆ ಕೈಕೊಟ್ಟಿದ್ದು ಅವರ ಹಲ್ಲಲ್ಲ. ಗೆರೆ ಸ್ಕ್ರೂವಿನ ಮರೆ ಕಚ್ಚಿದ ಜಾಗದಿಂದಲೇ ಹೊರಟಿತ್ತು. ಆ ಬೇರನ್ನು ತೊಳೆದು ಒಂದು ಸಣ್ಣ ಶೀಶೆಗೆ ಹಾಕಿಟ್ಟೆ. ಆ ವರ್ಷ ಇನ್ನೂ ಕೆಲವು ಬೇರುಗಳು ಶೀಶೆಗೆ ಬಂದವು. ಒಂದೊಂದರಲ್ಲೂ ಅದೇ ಗೆರೆ, ಅದೇ ಜಾಗ.

ಒಂದು ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತು ನೋಡಿ ಶೀಶೆಯನ್ನು ಪ್ರಸಾದರಾವ್ ಅವರ ಮೇಜಿನ ಮೇಲಿಟ್ಟೆ. ಹಿರಿಯರೆದುರು ಹೀಗೆ ಮಾಡುವುದು ಸುಲಭವಲ್ಲ. ಅವರು ಬೇರುಗಳನ್ನು ಬೆಳಕಿಗೆ ಹಿಡಿದು ನೋಡಿ, "ಇವರೆಲ್ಲ ಮೂಳೆ ಕಡಿಯುವವರಮ್ಮಾ," ಎಂದರು.

"ಶ್ರೀಕಂಠಯ್ಯನವರು ಮೊಸರನ್ನ ತಿನ್ನುವವರು ಸಾರ್."

ಅವರಿಗೆ ನಗು ಬಂತು, ಆದರೆ ಸೋಲಲು ಮನಸ್ಸಿರಲಿಲ್ಲ. ಕಿತ್ತಿಟ್ಟಿದ್ದ ಹಳೆಯ ಹಲ್ಲುಗಳನ್ನು ತರಿಸಿದರು. ಒಂದನ್ನು ಎತ್ತಿಕೊಂಡು, ನನ್ನೆದುರೇ ನಾಳ ಕೊರೆದು, ಸ್ಕ್ರೂ ಹಾಕಿ ತಿರುಗಿಸಿದರು. ಏನೂ ಆಗಲಿಲ್ಲ. "ಚೂಡಮ್ಮಾ!" ಎಂದು ಗೆಲುವಿನಿಂದ ನನ್ನ ಕಡೆ ಚಾಚಿದರು. ನಾನು ಇನ್ನೊಂದು ಹಲ್ಲನ್ನು ಆರಿಸಿ ಕೊಟ್ಟೆ. ತೆಳ್ಳನೆಯ ಬೇರು, ಶ್ರೀಕಂಠಯ್ಯನವರದಂಥದ್ದೇ. ಸ್ಕ್ರೂ ಒಳಗೆ ಹೋಯಿತು, ಬಿಗಿಯಾಯಿತು. ಬಾಯಲ್ಲಿ ಮಾಡುವ ಹಾಗೆಯೇ ಕೊನೆಗೆ ಇನ್ನಷ್ಟು ಬಿಗಿದರು. ಟಿಕ್ ಎಂದಿತು. ಅಕ್ಕಿ ಆರಿಸುವಾಗ ಕಲ್ಲು ನೆಲಕ್ಕೆ ಬಿದ್ದಷ್ಟೇ ಸದ್ದು. ಬೇರು ಅವರ ಬೆರಳ ನಡುವೆಯೇ ಬಾಯ್ಬಿಟ್ಟಿತ್ತು.

"ಒಣಗಿದ ಹಲ್ಲು. ಬಾಯಲ್ಲಿರುವುದು ಹೀಗೆ ಒಡೆಯುವುದಿಲ್ಲ," ಎಂದರು.

ಆ ಮಾತಿನಲ್ಲಿ ಸತ್ಯವೂ ಇತ್ತು. ಒಣಗಿದ ಹಲ್ಲು ಬೇಗ ಒಡೆಯುತ್ತದೆ. ಆದರೆ ಅಂದಿನಿಂದ ನನ್ನ ರೋಗಿಗಳಿಗೆ ಸ್ಕ್ರೂ ಹಾಕುವುದನ್ನು ನಿಲ್ಲಿಸಿದೆ. ಕೆಲವು ಕಾಲ ಎರಕದ ಪೋಸ್ಟ್ ಹಾಕಿದೆ. ನಾಳದ ಅಚ್ಚು ತೆಗೆದು, ಲ್ಯಾಬಿನಲ್ಲಿ ಅದೇ ಆಕಾರಕ್ಕೆ ಲೋಹ ಎರಕ ಹೊಯ್ಯಿಸಿ ತರುವುದು. ನಾಳಕ್ಕೆ ಅದು ಹೇಳಿ ಮಾಡಿಸಿದಂತೆ ಕೂರುತ್ತಿತ್ತು, ನಿಜ. ಆದರೆ ತುದಿ ಚೂಪಾಗಿ, ಮೇಲೆ ದಪ್ಪಗಿರುವ ಲೋಹದ ಕಡ್ಡಿ ಬೇರಿನೊಳಗೆ ಕೂತರೆ, ಪ್ರತಿ ತುತ್ತಿಗೂ ಸೌದೆ ಸೀಳುವ ಬೆಣೆಯ ಹಾಗೆ ಒತ್ತುತ್ತದೆ. ಹಲ್ಲಿನ ಗೋಡೆ ತುಂಬ ಉಳಿದಿದ್ದರೆ ತಡೆದುಕೊಳ್ಳುತ್ತದೆ, ಇಲ್ಲವಾದರೆ ಇಲ್ಲ. ಆಮೇಲೆ ಗಾಜಿನ ಎಳೆಗಳಿಂದ ಮಾಡಿದ ಫೈಬರ್ ಪೋಸ್ಟ್ ನಮ್ಮ ಕಡೆಗೂ ಬಂತು. ಅದು ಹೆಚ್ಚುಕಡಿಮೆ ಹಲ್ಲಿನಷ್ಟೇ ಬಾಗುತ್ತದೆ. ತಿರುಪುವ ಮಾತೇ ಇಲ್ಲ, ಅಂಟಿಸುವುದು. ಪ್ರಸಾದರಾವ್ ಅದನ್ನು ಬೆರಳಲ್ಲಿ ಹಿಡಿದು, "ಹಲ್ಲು ಚುಚ್ಚುವ ಕಡ್ಡಿಯ ಹಾಗಿದೆ," ಎಂದು ನಕ್ಕು ವಾಪಸು ಕೊಟ್ಟರು.

ಬಸವರಾಜ ಬಂದದ್ದು ಆ ಸಮಯದಲ್ಲಿ.

ಅವನು ಮುಧೋಳದ ಕಡೆಯವನು, ನೌಕಾಪಡೆಯ ವಾದ್ಯವೃಂದದಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ. ಹೆಂಡತಿ ಶೈಲಾ ಮೊದಲಿನಿಂದಲೂ ನನ್ನ ರೋಗಿ. ಅವಳೇ ಅವನನ್ನು ಕರೆತಂದಳು. ಮೇಲಿನ ಮುಂಬಲ್ಲು ಕೆಲವೇ ದಿನಗಳ ಹಿಂದೆ ಒಸಡಿನ ಮಟ್ಟಕ್ಕೆ ಮುರಿದುಬಿದ್ದಿತ್ತು. ಹುಡುಗನಾಗಿದ್ದಾಗ ಬಿದ್ದು ಪೆಟ್ಟಾದದ್ದು, ಯಾರೋ ರೂಟ್ ಕೆನಾಲ್ ಮಾಡಿ ಹಾಗೇ ಬಿಟ್ಟಿದ್ದರು. ಕ್ಲಾರಿನೆಟ್ ನುಡಿಸುವವರು ಮೇಲಿನ ಮುಂಬಲ್ಲುಗಳನ್ನು ವಾದ್ಯದ ಬಾಯಿಯ ಮೇಲೆ ಊರುತ್ತಾರೆ ಎಂಬುದು ನನಗೆ ಅಂದೇ ತಿಳಿದದ್ದು. ಊರಲು ಹಲ್ಲಿಲ್ಲದಿದ್ದರೆ ಸ್ವರ ನಿಲ್ಲುವುದಿಲ್ಲ.

"ಅಕ್ಕಾರ, ಚಂದ ಕಾಣೂದು ಆಮ್ಯಾಲಿನ ಮಾತ್ರಿ. ನನಗ ಊದಾಕ ಬರಬೇಕು," ಎಂದ.

ಮುಂದಿನ ತಿಂಗಳು ದೊಡ್ಡದೊಂದು ಕಾರ್ಯಕ್ರಮವಿತ್ತು. ಕಡಲ ದಂಡೆಯಲ್ಲಿ ಸಾವಿರಾರು ಜನರ ಎದುರು ಅವನೊಬ್ಬನೇ ನಿಂತು ನುಡಿಸುವ ಭಾಗವೂ ಅದರಲ್ಲಿತ್ತು. ಬಹಳ ವರ್ಷ ಕಾದ ಮೇಲೆ ಸಿಕ್ಕ ಅವಕಾಶ.

ಪ್ರಸಾದರಾವ್ ಬಂದು ನೋಡಿ, "ಸ್ಕ್ರೂ ಹಾಕಿ ಕ್ಯಾಪ್ ಕೂರಿಸೋಣ. ಈ ವಾರವೇ ಊದಬಹುದು," ಎಂದರು. ಬಸವರಾಜನ ಮುಖ ಅರಳಿತು.

ನಾನು ಅವನನ್ನು ಪಕ್ಕಕ್ಕೆ ಕರೆದು ಎಕ್ಸ್-ರೇ ತೋರಿಸಿದೆ. ಬೇರು ಉದ್ದವಾಗಿ, ಗಟ್ಟಿಯಾಗಿತ್ತು. ತೊಂದರೆ ಇದ್ದದ್ದು ಮೇಲೆ. ಕ್ಯಾಪ್ ನಿಲ್ಲಬೇಕಾದರೆ ಅದರ ಅಂಚು ಒಸಡಿನ ಮೇಲೆ ಉಳಿದ ಸ್ವಂತ ಹಲ್ಲನ್ನು ಸುತ್ತಲೂ ಬಳೆಯ ಹಾಗೆ ಅಪ್ಪಿ ಹಿಡಿಯಬೇಕು. ಅವನಲ್ಲಿ ಅಪ್ಪಲು ಹಲ್ಲೇ ಉಳಿದಿರಲಿಲ್ಲ. ಹಾಗೆಯೇ ಕ್ಯಾಪ್ ಹಾಕಿದರೆ ಅವನು ಊದುವಾಗಿನ ಒತ್ತಡವೆಲ್ಲ ಸ್ಕ್ರೂವಿನ ಮೂಲಕ ನೇರ ಬೇರಿಗೆ ಹೋಗುತ್ತಿತ್ತು. ಬೇರನ್ನು ಪಕ್ಕದ ಹಲ್ಲುಗಳ ಆಸರೆಯಲ್ಲಿ ಕಟ್ಟಿದ ರಬ್ಬರಿನಿಂದ ನಿಧಾನವಾಗಿ ಕೆಳಗೆ ಎಳೆದು, ಒಸಡಿನಿಂದ ಒಂದಿಷ್ಟು ಹಲ್ಲು ಹೊರಬರುವ ಹಾಗೆ ಮಾಡಿ, ಅದು ಅಲ್ಲೇ ನಿಂತ ಮೇಲೆ ಪೋಸ್ಟ್ ಹಾಕಬೇಕು. ಅದಕ್ಕೆ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ನೋಟಕ್ಕೆ ತಾತ್ಕಾಲಿಕ ಹಲ್ಲು ಕೊಡಬಹುದು, ಆದರೆ ಊದುವಂತಿಲ್ಲ.

"ಅಂದ್ರ ಈ ಸಲ ನುಡಿಸಾಕ ಆಗೂದಿಲ್ಲ?"

"ಇಲ್ಲಪಾ."

"ದೊಡ್ಡ ಡಾಕ್ಟರು ಆಗ್ತೈತಿ ಅಂತಾರಲ್ರೀ."

"ಈ ಸಲಕ್ಕ ಆಗ್ತೈತಿ. ಅವರ ಮಾತು ಸುಳ್ಳಲ್ಲ. ಆದ್ರ ಬೇರು ಸೀಳಿತು ಅಂದ್ರ ಕೀಳೂದ ಬಿಟ್ಟು ಬ್ಯಾರೆ ದಾರಿ ಇಲ್ಲ. ಆಮ್ಯಾಲ ಆ ಜಾಗಾಕ್ಕ ಏನ ಹಾಕಿದ್ರೂ ನಿನ್ನ ಸ್ವರ ಹಿಂಗ ಬರ್ತೈತಿ ಅಂತ ನಾ ಹೇಳಲಾರೆ."

ಶೈಲಾ ಗಂಡನ ಪರವೂ ಮಾತಾಡಲಿಲ್ಲ, ನನ್ನ ಪರವೂ ಮಾತಾಡಲಿಲ್ಲ. "ನಿಮಗ ಎಷ್ಟು ವರ್ಷ ಊದೂದೈತಿ, ಅದನ್ನ ಮದಲ ವಿಚಾರ ಮಾಡ್ರಿ," ಎಂದಷ್ಟೇ ಹೇಳಿದಳು. ಇಬ್ಬರೂ ಹೊರಟುಹೋದರು. ಅವನು ಪ್ರಸಾದರಾವ್ ಅವರಲ್ಲೇ ಮಾಡಿಸಿಕೊಳ್ಳುತ್ತಾನೆ ಎಂದು ನಾನು ಅಂದುಕೊಂಡೆ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆನೇನೋ.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದ. "ನನ್ನ ಭಾಗ ಜೂನಿಯರ್‌ಗೆ ಕೊಟ್ಟಬಂದೆ ಅಕ್ಕಾರ. ಎಳೀರಿ," ಎಂದು ಕುರ್ಚಿಯಲ್ಲಿ ಕೂತ. ಕಣ್ಣು ಕೆಂಪಗಿದ್ದವು. ನಾನು ಕೈಗವಸು ಹಾಕಿಕೊಂಡೆ.

ಕಾರ್ಯಕ್ರಮದ ದಿನ ಅವನು ಪ್ರೇಕ್ಷಕರ ಸಾಲಿನಲ್ಲಿ ಕೂತು ಆ ಜೂನಿಯರ್ ನುಡಿಸಿದ್ದನ್ನು ಕೇಳಿದನಂತೆ. ಹುಡುಗ ಚೆನ್ನಾಗಿಯೇ ನುಡಿಸಿದನಂತೆ. "ಅದ ನನಗ ತ್ರಾಸ ಆತ್ರಿ," ಎಂದು ಮುಂದಿನ ಭೇಟಿಯಲ್ಲಿ ತಾನೇ ನಕ್ಕ.

ವಾರವಾರವೂ ರಬ್ಬರ್ ಬದಲಿಸುತ್ತಿದ್ದೆ. ಬೇರು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಯಿತು. ಸಾಕಷ್ಟು ಹಲ್ಲು ಹೊರಬಂದು ಬಿಗಿಯಾಗಿ ನಿಂತ ಮೇಲೆ ನಾಳವನ್ನು ಹೊಸದಾಗಿ ಅಗಲಿಸದೆ, ಇದ್ದ ಅಗಲಕ್ಕೇ ಹೊಂದುವ ಫೈಬರ್ ಪೋಸ್ಟ್ ಆರಿಸಿ, ಬೇರಿನ ತುದಿಯಲ್ಲಿ ತುಂಬಿದ್ದನ್ನು ಮುಟ್ಟದೆ ಅಂಟಿಸಿದೆ. ಕ್ಯಾಪ್‌ನ ಅಂಚು ಸ್ವಂತ ಹಲ್ಲನ್ನು ಸುತ್ತಲೂ ಹಿಡಿಯಿತು. ಕ್ಲಾರಿನೆಟ್ ತರಿಸಿ, ಅವನು ಕಚ್ಚುವ ರೀತಿಗೇ ಕ್ಯಾಪ್‌ನ ತುದಿಯನ್ನು ಉಜ್ಜಿ ಸರಿಮಾಡಿದೆ. ಇದು ಯಾವ ಪಠ್ಯದಲ್ಲೂ ಇರಲಿಲ್ಲ. ಅವನೇ "ಇಲ್ಲಿ ಒಂಚೂರು ಹೆಚ್ಚಾತ್ರಿ, ಇಲ್ಲಿ ಕಡಿಮಿ" ಎನ್ನುತ್ತ ಹೇಳಿಕೊಟ್ಟ. ಒಂದೆರಡು ಸ್ವರ ಹಿಡಿದು ನೋಡಿದ ಮೇಲೆ ಹೊರಗೆ ಕಾದಿದ್ದವರನ್ನೂ ಮರೆತು ಒಂದು ರಾಗದ ಇಡೀ ಚೀಜು ನುಡಿಸಿಬಿಟ್ಟ.

ಪ್ರಸಾದರಾವ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಮುಂದಿನ ವಾರ ಸಾಮಾನು ತರಿಸುವಾಗ, "ಆ ಹಲ್ಲು ಚುಚ್ಚುವ ಕಡ್ಡಿಗಳನ್ನು ಸ್ವಲ್ಪ ಜಾಸ್ತಿಯೇ ತರಿಸಮ್ಮಾ," ಎಂದರು. ಅವರಿಗೆ ಪೋಸ್ಟ್ ಅಂಟಿಸುವ ಕ್ರಮವನ್ನು ನಾನು ತೋರಿಸಿಕೊಟ್ಟೆ. ನಾಳ ಒದ್ದೆಯಿದ್ದರೆ ಹಿಡಿಯುವುದಿಲ್ಲ, ಅತಿಯಾಗಿ ಒಣಗಿಸಿದರೂ ಹಿಡಿಯುವುದಿಲ್ಲ. ಅವರ ಚುರುಕು ಕೈಗೆ ಅಲ್ಲಿ ಕಾಯುವುದೇ ಕಷ್ಟವಾಯಿತು, ಆದರೂ ಕಲಿತರು. ಆ ವಯಸ್ಸಿನಲ್ಲಿ, ಅಷ್ಟು ಹೆಸರಿದ್ದು, ಕೈಕೆಳಗಿನವಳಿಂದ ಕಲಿಯಲು ಕೂತ ಹಿರಿಯರನ್ನು ನಾನು ಮತ್ತೆ ಕಂಡಿಲ್ಲ.

ಆಮೇಲೆ ಯಜಮಾನರಿಗೆ ವಿಜಯವಾಡಕ್ಕೆ ವರ್ಗವಾಯಿತು. ಭವಾನಿಪುರಂನಲ್ಲಿ ಮನೆ ಹಿಡಿದು, ಹತ್ತಿರದಲ್ಲೇ ನನ್ನದೇ ಚಿಕ್ಕ ಕ್ಲಿನಿಕ್ ತೆರೆದೆ. ಮುಂದೆ ವರ್ಗಗಳು ಬಂದರೂ ನಾನು ಅಲ್ಲಿಂದ ಕದಲಲಿಲ್ಲ. ಮಗಳು ಅಲ್ಲಿಯೇ ಬೆಳೆದಳು. ನಾನು ಕನ್ನಡದಲ್ಲಿ ಬೈದರೆ ತೆಲುಗಿನಲ್ಲಿ ವಾದಿಸುವಷ್ಟು ಆ ಊರಿನವಳಾದಳು.

ಒಮ್ಮೆ ಪ್ರಸಾದರಾವ್ ದಂಪತಿಗಳು ನಮ್ಮೂರಿನ ಇಂದ್ರಕೀಲಾದ್ರಿ ಬೆಟ್ಟಕ್ಕೆ ಅಮ್ಮನವರ ದರ್ಶನಕ್ಕೆ ಬಂದವರು ಹಾಗೆಯೇ ನಮ್ಮಲ್ಲಿಗೆ ಬಂದರು. ಕೆನ್ನೆ ಊದಿತ್ತು. ಕೆಳಗಿನ ದವಡೆ ಹಲ್ಲು ನರದವರೆಗೆ ಹುಳುಕಾಗಿತ್ತು. ನನ್ನ ಕುರ್ಚಿಯಲ್ಲಿ ಒರಗಿಕೊಂಡವರು ಸೂಜಿ ಎಲ್ಲಿ ಚುಚ್ಚುತ್ತೀಯೆಂದು ಎರಡೆರಡು ಸಲ ಕೇಳಿದ್ದು ನೋಡಿ ನನಗೆ ಆಶ್ಚರ್ಯವಾಯಿತು. ಎಷ್ಟೋ ಜನರ ಭಯವನ್ನು ನಗಿಸಿ ಓಡಿಸಿದವರು. ಊತ ಇಳಿಸಿ, ಅವರು ಅಲ್ಲೇ ನೆಂಟರ ಮನೆಯಲ್ಲಿ ಉಳಿದುಕೊಂಡಿದ್ದಾಗ ರೂಟ್ ಕೆನಾಲ್ ಮುಗಿಸಿದೆ.

"ಯಾವ ಪೋಸ್ಟ್ ಹಾಕುತ್ತೀಯಮ್ಮಾ?" ಎಂದು ಕೇಳಿದರು.

"ಅಕ್ಕರ್ಲೇದು, ಬೇಕಿಲ್ಲ ಸಾರ್. ನಾಲ್ಕು ಗೋಡೆಗಳಲ್ಲಿ ಮೂರು ಗಟ್ಟಿಯಾಗಿವೆ. ತುಂಬಿ, ಮೇಲೆ ಕ್ಯಾಪ್ ಹಾಕಿದರೆ ಸಾಕು."

"ನಾನಾಗಿದ್ದರೆ ಎರಡು ಹಾಕಿರುತ್ತಿದ್ದೆ," ಎಂದು ಜೋರಾಗಿ ನಕ್ಕರು. ಆ ನಗು ಕೇಳಿ ಹೊರಗೆ ಕೂತಿದ್ದ ಅವರ ಹೆಂಡತಿ ಒಳಗೆ ಓಡಿಬಂದರು. ಆ ಹಲ್ಲಿನಲ್ಲಿ ಅವರು ಕೊನೆಯವರೆಗೂ ಚಕ್ಕುಲಿ ಕಡಿದರು ಎಂದು ಆ ತಾಯಿಯೇ ನನಗೆ ಆಮೇಲೆ ಹೇಳಿದರು.

ಬಸವರಾಜನನ್ನು ಮತ್ತೆ ನೋಡಿದ್ದು ಅದಾಗಿ ಕೆಲವು ವರ್ಷಗಳ ಮೇಲೆ. ನದಿ ದಂಡೆಯ ಕಾರ್ಯಕ್ರಮವೊಂದಕ್ಕೆ ಅವರ ವಾದ್ಯವೃಂದ ವಿಜಯವಾಡಕ್ಕೆ ಬಂದಿತ್ತು. ಬೆಳಿಗ್ಗೆ ಕ್ಲಿನಿಕ್ ತೆರೆಯುತ್ತಿದ್ದಂತೆ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಒಳಗೆ ಬಂದ. ಕೂದಲು ಬೆಳ್ಳಗಾಗಿತ್ತು, ಸಮವಸ್ತ್ರದ ಅಂದ ಹಾಗೇ ಇತ್ತು. ಮುಷ್ಟಿ ಬಿಚ್ಚಿ ತೋರಿಸಿದ. ಅಂಗೈಯಲ್ಲಿ ಕ್ಯಾಪ್, ಅದಕ್ಕೆ ಅಂಟಿದ ದಿಂಡು, ದಿಂಡಿನಿಂದ ಹೊರಟ ಫೈಬರ್ ಕಡ್ಡಿ, ಎಲ್ಲ ಇಡಿಯಾಗಿ. ತಿಂಡಿಗೆ ಗಾರೆ, ಅಂದರೆ ಆ ಕಡೆಯ ಉದ್ದಿನ ವಡೆ, ಕಚ್ಚುವಾಗ ಕಳಚಿ ಬಂದಿತ್ತಂತೆ.

"ಮುಗೀತೇನ್ರಿ ಅಕ್ಕಾರ?" ಎಂದ. ಮಾತು ಗಾಳಿಯಾಗಿ ಹೊರಬಿತ್ತು. "ಸಂಜಿಗೆ ಊದಬೇಕ್ರಿ."

ಕುರ್ಚಿಗೆ ಕೂರಿಸಿ ಬೆಳಕು ಹಾಕಿದೆ. ಅಳತೆಕಡ್ಡಿಯನ್ನು ಬೇರಿನ ಸುತ್ತ ನಿಧಾನವಾಗಿ ಆಡಿಸಿದೆ. ಎಲ್ಲಿಯೂ ಆಳಕ್ಕೆ ಇಳಿಯಲಿಲ್ಲ. ಬಣ್ಣ ಹಚ್ಚಿ ಭೂತಗನ್ನಡಿಯಲ್ಲಿ ನೋಡಿದೆ. ಗೆರೆಯಿಲ್ಲ. ಎಕ್ಸ್-ರೇ ತೆಗೆದೆ. ಬೇರು ನಾನು ಬಿಟ್ಟ ದಿನ ಹೇಗಿತ್ತೋ ಹಾಗೇ ಇತ್ತು. ಇಷ್ಟು ವರ್ಷ ಊದಿದ ಒತ್ತಡಕ್ಕೆ ಸೋತದ್ದು ಅಂಟು ಮಾತ್ರ. ಲೋಹದ ತಿರುಪು ಹಾಕಿದ್ದರೆ ಅದು ಬಿಡುತ್ತಿರಲಿಲ್ಲ, ಬೇರು ಬಿಡುತ್ತಿತ್ತು. ನಾನು ಕಲಿತ ಎಲ್ಲವೂ ಈ ಒಂದು ವ್ಯತ್ಯಾಸದಲ್ಲಿದೆ. ಪೋಸ್ಟ್ ಎಷ್ಟು ಗಟ್ಟಿ ಎಂದು ನೋಡಿ ಅದನ್ನು ಆರಿಸಬೇಡಿ. ಎಂದಾದರೂ ಏನಾದರೂ ಸೋಲುತ್ತದೆ. ನಾವು ಮತ್ತೆ ಕಟ್ಟಬಹುದಾದದ್ದು ಮೊದಲು ಸೋಲುವ ಹಾಗೆ ನೋಡಿಕೊಳ್ಳುವುದೇ ಈ ಕೆಲಸ.

ನಾಳದಲ್ಲಿ ಉಳಿದಿದ್ದ ಹಳೆಯ ಸಿಮೆಂಟ್ ತೆಗೆದು ಸ್ವಚ್ಛಮಾಡಿದೆ. ಹೊಸ ಫೈಬರ್ ಪೋಸ್ಟ್ ಅಂಟಿಸಿ, ದಿಂಡು ಕಟ್ಟಿ, ಅವನ ಹಳೆಯ ಕ್ಯಾಪನ್ನೇ ಒಳಗಿನ ಹಳೆಯ ದಿಂಡು ಕೊರೆದು ತೆಗೆದು ಮತ್ತೆ ಕೂರಿಸಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿಯಿತು. ಕನ್ನಡಿ ಕೊಟ್ಟರೆ ನೋಡಿಕೊಳ್ಳಲಿಲ್ಲ. ನಾಲಗೆಯಿಂದ ಹಲ್ಲಿನ ಹಿಂಬದಿ ಸವರಿಕೊಂಡು ಕಣ್ಣು ಮುಚ್ಚಿ ಕೂತ.

"ಮತ್ತ ಬಿದ್ರ ಏನ್ ಮಾಡ್ಲಿ ಅಕ್ಕಾರ?"

"ಬಿದ್ರ ಬಾ. ಮತ್ತ ಕೂಡಸ್ತೀನಿ. ಬೇರು ಗಟ್ಟಿ ಐತಿ."

"ಅಂದ್ರ ಇವತ್ತ ಅಂಜಿ ಊದೂದು ಬ್ಯಾಡ?"

"ಬ್ಯಾಡ," ಎಂದೆ. "ಜೋರ್ ಊದು."